ಮನಾಮಾದ ಅತ್ತೆ

ಮಂಗಳೂರಿನಿಂದ ಹೊರಟ ವಿಮಾನ ನಾಲ್ಕು ಗಂಟೆಗೂ ಸ್ವಲ್ಪ ಹೆಚ್ಚು ಹಾರಿ ಬಹ್ರೇನಿನಲ್ಲಿ ಇಳಿದಾಗ ಹೊರಗೆ ಬಿಸಿಲೂ ಇರಲಿಲ್ಲ, ಮೋಡವೂ ಇರಲಿಲ್ಲ. ಆಕಾಶದ ತುಂಬ ಹಳದಿ ಮಿಶ್ರಿತ ಬೂದು ಬಣ್ಣದ ಧೂಳು ನಿಂತಿತ್ತು. ಮಾರ್ಚ್ ತಿಂಗಳು. ಊರಿನಲ್ಲಿ ಸೆಕೆ ಶುರುವಾಗಿತ್ತು, ಇಲ್ಲಿ ಗಾಳಿ ತಣ್ಣಗಿದ್ದರೂ ಬಾಯಿಯೊಳಗೆ ಮರಳಿನ ರುಚಿ ಬರುತ್ತಿತ್ತು.

ಇಮಿಗ್ರೇಷನ್ ಕೌಂಟರಿನಲ್ಲಿದ್ದ ಯುವಕ ನನ್ನ ಪಾಸ್‌ಪೋರ್ಟ್ ನೋಡಿದ, ಮುಖ ನೋಡಿದ, ಅರಬಿಯಲ್ಲಿ ಉದ್ದಕ್ಕೆ ಏನೋ ಕೇಳಿದ. ನನಗೆ ಅರ್ಥವಾಗಲಿಲ್ಲ. "ಇಂಡಿಯನ್" ಎಂದೆ. ಅವನು ನಂಬದವನಂತೆ ಇಂಗ್ಲಿಷಿನಲ್ಲಿ, "ತಂದೆ ಅರಬರಾ?" ಎಂದ. ಒಂದು ಕ್ಷಣ ಯೋಚಿಸಿ, "ತಂದೆ ಇಲ್ಲಿಯವರು" ಎಂದು ಹೇಳಿಬಿಟ್ಟೆ. ಸರಕಾರಿ ಮನುಷ್ಯನೊಬ್ಬನ ಎದುರು ಆ ಮಾತು ಹೇಳಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಅವನು ನಕ್ಕು, ಮನೆಗೆ ಸ್ವಾಗತ ಎಂದು ಹೇಳಿ, ಎರಡು ವಾರದ ವೀಸಾ ಒತ್ತಿ ಕೊಟ್ಟ.

ನಾನು ಶಿರ್ವದವಳು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನನ್ನ ಅಮ್ಮ ಲಿಲ್ಲಿ ಪ್ರಾಯದಲ್ಲಿ ಬಹ್ರೇನಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಬೊಂಬಾಯಿಯಿಂದ ಹಡಗಿನಲ್ಲಿ ಹೋಗಿದ್ದಳು, ಹಡಗಿನಲ್ಲೇ ವಾಪಸು ಬಂದಳು. ಬರುವಾಗ ಅವಳ ಹೊಟ್ಟೆಯಲ್ಲಿ ನಾನಿದ್ದೆ. ಅಪ್ಪ ಕಾರಿನ ಅಪಘಾತದಲ್ಲಿ ತೀರಿಕೊಂಡರು ಎಂದು ಅವಳು ನನಗೆ ಹೇಳಿದ್ದಳು. ನಾನು ಅದನ್ನು ಯಾವತ್ತೂ ನಂಬಿರಲಿಲ್ಲ. ಮದುವೆಯಾಗದೆ ಹೆತ್ತವರು ಹೇಳುವ ಕತೆಗಳಲ್ಲಿ ಗಂಡಸು ಯಾವಾಗಲೂ ಅಪಘಾತದಲ್ಲೇ ಸಾಯುತ್ತಾನೆ.

ನನ್ನ ಬಣ್ಣ ಊರಿನ ಬಣ್ಣವಲ್ಲ. ಕೆನ್ನೆಯ ತುಂಬ ಕಂದು ಚುಕ್ಕೆ, ಜೇನಿನ ಬಣ್ಣದ ಕಣ್ಣು, ಮುಖಕ್ಕಿಂತ ಮೊದಲು ಬರುವ ಮೂಗು. ಶಾಲೆಯ ಮಕ್ಕಳು ಬೆನ್ನ ಹಿಂದೆ ನನ್ನನ್ನು ಅರಬಿ ಟೀಚರ್ ಎನ್ನುತ್ತಿದ್ದರು. ನಾನೂ ಹಾಗೆಂದೇ ತಿಳಿದಿದ್ದೆ. ಅಮ್ಮ ಸಾಯುವ ವರ್ಷ, ಒಂದು ಮಧ್ಯಾಹ್ನ ಗಂಜಿ ಉಣ್ಣುತ್ತಾ, ಅಪ್ಪನ ಹೆಸರು ಹೇಳಿ, "ಅವರು ಯಹೂದಿ. ಒಳ್ಳೆಯವರು" ಎಂದಳು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಯಹೂದಿಗಳು ನನಗೆ ಗೊತ್ತಿದ್ದದ್ದು ಇಗರ್ಜಿಯಲ್ಲಿ ಮಾತ್ರ. ಶುಭ ಶುಕ್ರವಾರದ ವಾಚನದಲ್ಲಿ ಶಿಲುಬೆಗೇರಿಸು ಎಂದು ಕೂಗುವ ಗುಂಪಿನ ಮಾತನ್ನು ನೆರೆದವರೆಲ್ಲ ಒಟ್ಟಾಗಿ ಓದುತ್ತೇವೆ. ಪ್ರತಿ ವರ್ಷ ನಾನೂ ಗಟ್ಟಿಯಾಗಿ ಓದಿದ್ದೆ. ಅಮ್ಮ ನನ್ನ ಪಕ್ಕದಲ್ಲೇ ನಿಂತು, ಆ ಸಾಲು ಬಂದಾಗ ಪುಸ್ತಕ ಮುಚ್ಚುತ್ತಿದ್ದಳು. ಅವಳಿಗೆ ಕಣ್ಣು ಮಂಜು ಎಂದುಕೊಂಡಿದ್ದೆ.

ನಿವೃತ್ತಿಯ ನಂತರ ನಾನು ಆತ್ಮಕಥೆ ಬರೆದೆ. ಹೆಚ್ಚಿನದೆಲ್ಲ ಶಾಲೆ, ಮಕ್ಕಳು, ಸಂಬಳದ ಮುಷ್ಕರಗಳ ಕತೆ. ಅಪ್ಪನ ಬಗ್ಗೆ ಇದ್ದದ್ದು ನಾಲ್ಕು ಪುಟ. ಉಡುಪಿಯ ಪ್ರಕಾಶಕರು ಆ ನಾಲ್ಕು ಪುಟ ಓದಿದ್ದೇ ತಡ, ಅದನ್ನು ಪುಸ್ತಕದ ಮೊದಲಿಗೆ ತಂದು, 'ಯಹೂದಿಯ ಮಗಳು' ಎಂದು ಹೆಸರಿಟ್ಟು ಅಚ್ಚಿಗೆ ಸಿದ್ಧ ಮಾಡಿದರು. ಆ ಹೆಸರು ನೋಡಿದಂದಿನಿಂದ ನನಗೆ ನಿದ್ರೆ ಸರಿಯಾಗಿ ಬರಲಿಲ್ಲ. ನೋಡದ ಮನುಷ್ಯನ, ತಿಳಿಯದ ಜನರ ಹೆಸರನ್ನು ಹಣೆಗೆ ಹಚ್ಚಿಕೊಳ್ಳಲು ನಾನು ಯಾರು? ಮುದ್ರಣ ನಿಲ್ಲಿಸಿರಿ, ಒಮ್ಮೆ ಹೋಗಿ ಬರುತ್ತೇನೆ ಎಂದೆ.

ಹೋಗಲು ಒಂದು ದಾರಿಯೂ ಇತ್ತು. ಅಮ್ಮನ ಅಣ್ಣನ ಮಗ ವಿಲ್ಫಿ ಬಹ್ರೇನಿಗೆ ಹೋಗಿ ಬಹಳ ವರ್ಷವಾಯಿತು. ಟುಬ್ಲಿಯಲ್ಲಿ ಅವನದೊಂದು ಕಾರು ರಿಪೇರಿ ಗ್ಯಾರೇಜು. ಫೋನಿನಲ್ಲಿ ಅಪ್ಪನ ಮನೆತನದ ಹೆಸರು ಹೇಳಿದಾಗ ಅವನು, "ಆ ಮನೆಯವರ ಕಾರು ನನ್ನಲ್ಲಿಗೆ ಬರ್ತದೆ ಮಾರಾಯ್ತಿ" ಎಂದ. ಬಹ್ರೇನ್ ಅಷ್ಟು ಸಣ್ಣದು. ಆ ಕಾರಿನ ಯಜಮಾನ ನನ್ನ ಅಪ್ಪನ ತಂಗಿಯ ಮಗ ಎಂದು ಆಮೇಲೆ ತಿಳಿಯಿತು. ಇಲ್ಲಿ ಅವನನ್ನು ಯೂಸುಫ್ ಎಂದು, ಅವನ ತಾಯಿಯನ್ನು ನಜೀಮಾ ಎಂದು ಕರೆಯುತ್ತೇನೆ. ಅಪ್ಪನ ಹೆಸರು ಬರೆಯುವುದಿಲ್ಲ.

ವಿಲ್ಫಿಯ ಫ್ಲಾಟು ಹೂರಾದಲ್ಲಿ, ಒಂದು ಮಲಯಾಳಿ ಹೋಟೆಲಿನ ಮೇಲೆ. ವಿಮಾನ ನಿಲ್ದಾಣದಿಂದ ಸಮುದ್ರದ ಮೇಲಿನ ಸೇತುವೆ ದಾಟಿದರೆ ಬಹಳ ದೂರವಿಲ್ಲ. ಅವನ ಹೆಂಡತಿ ಊರಿಗೆ ಹೋಗಿದ್ದಳು. ಅವನೇ ಮಾಡಿದ ಮೀನುಸಾರು, ಕುಚ್ಚಲಕ್ಕಿ ಅನ್ನ ಉಂಡೆವು. ನಾವು ಮಾತಾಡುವುದು ಕೊಂಕಣಿಯಲ್ಲಿ. ಅದನ್ನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೋಡು ಸ್ಟೆಲ್ಲಾ" ಎಂದ ವಿಲ್ಫಿ. "ನೀನು ಪುಸ್ತಕದ ವಿಷಯ ಎತ್ತಬೇಡ, ಆಯ್ತಾ? ಅವರು ಇಲ್ಲಿ ಬೆರಳೆಣಿಕೆಯ ಜನ. ಒಳ್ಳೆಯವರು. ಆದ್ರೆ ಹೆಸರು ಹೊರಗೆ ಬರೋದು ಅವರಿಗೆ ಆಗೋದಿಲ್ಲ."

"ಮತ್ತೆ ನಾನು ಬಂದದ್ದು ಎಂತಕ್ಕೆ?"

"ನೋಡ್ಲಿಕ್ಕೆ ಬಂದೆ ಅಂತ ಹೇಳು. ಸುಳ್ಳೇನಲ್ಲ ಅಲ್ವಾ."

ಮರುದಿನವೂ ಧೂಳು ಇಳಿಯಲಿಲ್ಲ. ಕೆಲಸಕ್ಕೆ ಹೋಗುವ ಮೊದಲು ವಿಲ್ಫಿ ನನ್ನನ್ನು ಮೀನಾ ಸಲ್ಮಾನ್ ಕಡೆಗೆ ಕರೆದುಕೊಂಡು ಹೋದ. ಅಮ್ಮನ ಹಡಗು ನಿಂತದ್ದು ಆ ಬಂದರಿನಲ್ಲಿ. ಒಳಗೆ ಬಿಡುವುದಿಲ್ಲ. ಬೇಲಿಯ ಹೊರಗೆ ಕಾರು ನಿಲ್ಲಿಸಿ ನೋಡಿದೆವು. ಗೋದಾಮುಗಳು, ತುಕ್ಕು ಹಿಡಿದ ಕಂಟೇನರುಗಳು, ಕೆಲಸಗಾರರ ಬಸ್ಸು, ಒಗೆದ ಬಟ್ಟೆ ನೇತುಹಾಕಿದ ಕಿಟಕಿಗಳ ಸಾಲು. ಸಮುದ್ರ ಎಲ್ಲಿದೆ ಎಂದು ಕೇಳಬೇಕಾಯಿತು. ಧೂಳಿನಲ್ಲಿ ನೀರಿಗೂ ಆಕಾಶಕ್ಕೂ ಒಂದೇ ಬಣ್ಣ. ಇಪ್ಪತ್ತೈದರ ಹುಡುಗಿ ಮೂರು ತಿಂಗಳ ಬಸುರಿಯಾಗಿ ಇಲ್ಲಿಂದ ಹಡಗು ಹತ್ತಿದ್ದಾಳೆ. ಬೀಳ್ಕೊಡಲು ಯಾರಾದರೂ ಬಂದಿದ್ದರೋ ಎಂದು ಅವಳನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಗುರುವಾರ ಟುಬ್ಲಿಗೆ ಹೋದೆ. ಟ್ಯಾಕ್ಸಿಯವನು ಮೂರು ದಿನಾರ್ ತೆಗೆದುಕೊಂಡ, ಇಡೀ ದಾರಿ ಅರಬಿಯಲ್ಲೇ ಮಾತಾಡಿದ. ವಿಲ್ಫಿಯ ಗ್ಯಾರೇಜು ಒಂದು ಗಲ್ಲಿಯಲ್ಲಿ, ಟಯರಿನ ಅಂಗಡಿ ಮತ್ತು ವೆಲ್ಡಿಂಗ್ ಶಾಪಿನ ನಡುವೆ. ಒಳಗೆ ಗಾಜಿನ ಗೋಡೆಯ ಸಣ್ಣ ಆಫೀಸು. ಅಲ್ಲಿ ಯೂಸುಫ್ ಕಾಯುತ್ತಿದ್ದ. ನನಗಿಂತ ಐದಾರು ವರ್ಷ ಚಿಕ್ಕವನಿರಬಹುದು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕನ್ನಡಕ. ನಾನು ಒಳಗೆ ಕಾಲಿಟ್ಟಾಗ ಎದ್ದು ನಿಂತವನು ಕೈ ಚಾಚಲು ಮರೆತ. ನನ್ನ ಮುಖವನ್ನೇ ನೋಡುತ್ತಿದ್ದ.

"ದಯವಿಟ್ಟು ಕುಳಿತುಕೊಳ್ಳಿ" ಎಂದ, ಇಂಗ್ಲಿಷಿನಲ್ಲಿ. ಸ್ವಲ್ಪ ಹೊತ್ತಿನ ನಂತರ, "ನಿಮಗೆ ಏನು ಬೇಕು ಎಂದು ಕೇಳಬಹುದಾ? ಅಸಭ್ಯ ಅನಿಸಿದರೆ ಕ್ಷಮಿಸಿ."

"ಅವರು ಯಾರು ಅಂತ ತಿಳಿಯಬೇಕು. ಗೋರಿ ಇದ್ದರೆ ನೋಡಬೇಕು."

"ಪಾಸ್‌ಪೋರ್ಟ್? ಪೌರತ್ವ? ಏನಾದರೂ ಕಾಗದ?"

"ಬೇಡ."

ಅವನು ಕನ್ನಡಕ ತೆಗೆದು ಒರೆಸಿದ. "ಒಂದು ವಿಷಯ ಮೊದಲೇ ಹೇಳಬೇಕು. ನಮ್ಮಲ್ಲಿ ಮಗು ತಾಯಿಯ ಕಡೆಯಿಂದ ಯಹೂದಿ ಆಗುತ್ತದೆ. ತಂದೆಯ ಕಡೆಯಿಂದ ಅಲ್ಲ. ನೀವು ನನ್ನ ಮಾವನ ಮಗಳು, ಅದು ನೋಡಿದರೇ ಗೊತ್ತಾಗುತ್ತದೆ. ಆದರೆ ನಮ್ಮ ಧರ್ಮದ ಪ್ರಕಾರ ನೀವು ನಮ್ಮವರಲ್ಲ. ಇದನ್ನು ನೋವು ಮಾಡಲು ಹೇಳುತ್ತಿಲ್ಲ."

ನೋವಾಯಿತೆಂದು ನಾನು ಹೇಳಲಿಲ್ಲ. ಊರಿನ ಇಗರ್ಜಿಯ ಜ್ಞಾನಸ್ನಾನದ ಪುಸ್ತಕದಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಸೋದರಮಾವನ ಹೆಸರಿದೆ. ಇಲ್ಲಿಯೂ ಜಾಗವಿಲ್ಲ. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನಿದೆ ಎಂದುಕೊಂಡೆ. ಆದರೂ ಆ ಆಫೀಸಿನಲ್ಲಿ ಕೊಟ್ಟ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಹೊರಡುವಾಗ ಅವನು ಹೇಳಿದ: "ಅಮ್ಮನಿಗೆ ನೀವು ಬಂದಿರುವುದು ಗೊತ್ತು. ಶನಿವಾರ ಊಟಕ್ಕೆ ಕರೆದುಕೊಂಡು ಬಾ ಎಂದಿದ್ದಾರೆ. ನಾನು ಬೇಡ ಅಂದೆ. ಅವರು ಕೇಳಲಿಲ್ಲ. ವಯಸ್ಸಾಗಿದೆ, ಹೃದಯ ಸರಿಯಿಲ್ಲ. ಹೆಚ್ಚು ಪ್ರಶ್ನೆ ಕೇಳಬೇಡಿ."

ಶುಕ್ರವಾರ ಇಲ್ಲಿ ರಜೆ. ಕೊಂಕಣಿ ಪೂಜೆಗೆ ಹೋದೆವು. ಇಗರ್ಜಿ ತುಂಬ ನಮ್ಮ ಕರಾವಳಿಯವರೇ. ನರ್ಸುಗಳು, ಹೋಟೆಲಿನವರು, ಆಫೀಸಿನವರು. ಅಪ್ಪ ಅಮ್ಮಂದಿರು ಕೊಂಕಣಿಯಲ್ಲಿ ಹಾಡಿದರೆ ಮಕ್ಕಳು ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಿದ್ದವು. ಹೊರಗೆ ಬಂದಾಗ ಪ್ರಕಾಶಕರ ಫೋನು. "ಮೇಡಂ, ಗೋರಿಯದ್ದು ಒಂದು ಫೋಟೋ ಸಿಕ್ಕಿದ್ರೆ ಮುಖಪುಟಕ್ಕೆ ಭಾರೀ ಒಳ್ಳೇದಿತ್ತು. ಹೀಬ್ರೂ ಅಕ್ಷರ ಕಾಣ್ಬೇಕು, ಆಯ್ತಾ?" ನೋಡುತ್ತೇನೆ ಎಂದು ಇಟ್ಟುಬಿಟ್ಟೆ. ಮಧ್ಯಾಹ್ನ ಒಬ್ಬಳೇ ಸೂಕ್ ಎನ್ನುವ ಹಳೆಯ ಪೇಟೆಯಲ್ಲಿ ನಡೆದೆ. ಯಹೂದಿಗಳ ಪ್ರಾರ್ಥನಾಮಂದಿರ, ಸಿನಗಾಗ್ ಇರುವ ಬೀದಿ ಸಿಕ್ಕಿತು. ಬಾಗಿಲು ಮುಚ್ಚಿತ್ತು. ಎದುರಿನ ಅಂಗಡಿಯ ಬಂಗಾಳಿ ಸೂಟ್‌ಕೇಸುಗಳ ಧೂಳು ಒರೆಸುತ್ತಿದ್ದ. ಅಲ್ಲಿ ನಿಂತಿದ್ದಕ್ಕೆ ಕಾರಣ ಬೇಕಲ್ಲ ಎಂದು ಅವನಿಂದ ಒಂದು ಬೀಗ ಕೊಂಡೆ.

ಶನಿವಾರ ಯೂಸುಫನೇ ಬಂದು ಕರೆದೊಯ್ದ. ಮನೆ ಮನಾಮಾದ ಹಳೆಯ ಭಾಗದಲ್ಲಿ, ಎರಡನೆಯ ಮಹಡಿಯ ಫ್ಲಾಟು. ಕಿಟಕಿಗಳಿಗೆ ದಪ್ಪ ಪರದೆ. ಕುರ್ಚಿಯಲ್ಲಿ ಕುಳಿತಿದ್ದ ಮುದುಕಿಯನ್ನು ನೋಡಿ ನಾನು ಬಾಗಿಲಲ್ಲೇ ನಿಂತೆ. ಇನ್ನು ಇಪ್ಪತ್ತು ವರ್ಷಕ್ಕೆ ನಾನು ಹೇಗಿರುತ್ತೇನೋ ಹಾಗೆಯೇ ಇದ್ದಳು. ಅದೇ ಮೂಗು, ಅದೇ ಕಂದು ಚುಕ್ಕೆ. ಅವಳು ಕೈ ಚಾಚಿ, "ತುಮ್ ಲಿಲ್ಲಿ ಕಾ ಬೇಟಿ" ಎಂದಳು.

ನೀನು ಲಿಲ್ಲಿಯ ಮಗಳು ಎಂದು ಹಿಂದಿಯಲ್ಲಿ ಹೇಳಿದ್ದು ಕೇಳಿ ನನಗೆ ಆಶ್ಚರ್ಯವಾಯಿತು. ಅವಳ ತಂದೆ ಬೊಂಬಾಯಿಯಿಂದ ಬಟ್ಟೆ ತರಿಸಿ ಮಾರುತ್ತಿದ್ದವರು. ಚಿಕ್ಕಂದಿನಲ್ಲಿ ಅಂಗಡಿಯಲ್ಲಿ ಕೂತು ಕಲಿತ ಹಿಂದಿ. ನನ್ನದು ಶಾಲೆಯ ಹಿಂದಿ, ಅವಳದು ಅಂಗಡಿಯ ಹಿಂದಿ. ಎರಡೂ ಕುಂಟುತ್ತಿದ್ದವು, ಆದರೂ ಒಟ್ಟಿಗೆ ನಡೆದವು. ಯೂಸುಫನಿಗೆ ಒಂದು ಶಬ್ದವೂ ಬರುವುದಿಲ್ಲ. ಅವಳು ಅದಕ್ಕೇ ಅದನ್ನು ಆರಿಸಿಕೊಂಡಳೆಂದು ನನಗೆ ತಿಳಿದದ್ದು ಆಮೇಲೆ.

ಊಟಕ್ಕೆ ಹಿಂದಿನ ದಿನವೇ ಒಲೆಯ ಮೇಲಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿದ ಕೋಳಿ ಮತ್ತು ಅನ್ನ. ಕೋಳಿಯ ಹೊಟ್ಟೆಯೊಳಗೂ ಅನ್ನ. ತಳ ಹಿಡಿದ ಕೆಂಪು ಭಾಗವನ್ನು ಕೆರೆದು ಅವಳು ನನ್ನ ತಟ್ಟೆಗೆ ಹಾಕಿದಳು. ನಮಗದು ತಪಸ್ಸುಕಾಲ; ಈಸ್ಟರಿನವರೆಗೆ ಮಾಂಸ ಮುಟ್ಟುವುದಿಲ್ಲ ಎಂದು ನಾನು ಹರಕೆ ಹೊತ್ತಿದ್ದೆ. ಹೇಳಲು ಬಾಯಿ ಬರಲಿಲ್ಲ. ತಿಂದೆ.

ಅಷ್ಟರಲ್ಲಿ ಬಾಗಿಲು ಬಡಿದು ಪಕ್ಕದ ಫ್ಲಾಟಿನ ಹೆಂಗಸು ಬಂದಳು. ಕೈಯಲ್ಲಿ ಮುಚ್ಚಿದ ಬಟ್ಟಲು, ತಲೆಯ ಮೇಲೆ ಕಪ್ಪು ಅಬಾಯಾ. ನನ್ನನ್ನು ನೋಡಿ ಏನೋ ಕೇಳಿದಳು. ಯೂಸುಫ್ ತಡವರಿಸದೆ ಉತ್ತರ ಕೊಟ್ಟ. ಹಿಂದಿಯಾ, ಅಂದರೆ ಇಂಡಿಯಾದವಳು, ಎಂಬ ಶಬ್ದ ಮಾತ್ರ ನನಗೆ ತಿಳಿಯಿತು. ಅವಳು ನನ್ನನ್ನೂ ನಜೀಮಾಳನ್ನೂ ತಿರುತಿರುಗಿ ನೋಡಿ, ಮತ್ತೇನೋ ಹೇಳಿ, ನಕ್ಕು, ಬಟ್ಟಲಿಟ್ಟು ಹೋದಳು.

"ಎಂತ ಹೇಳಿದ್ದು?" ಎಂದು ಕೇಳಿದೆ.

"ನೀನು ಇಂಡಿಯಾದಿಂದ ಬಂದ ಹೊಸ ನರ್ಸ್ ಅಂತ ಇವನು ಹೇಳಿದ" ಎಂದಳು ನಜೀಮಾ ಹಿಂದಿಯಲ್ಲಿ. "ಒಳ್ಳೇ ನರ್ಸನ್ನು ಹುಡುಕಿದ್ದೀರಿ, ಮುಖವೂ ನಿಮ್ಮದೇ ಇದೆ ಅಂತ ಅವಳು ಹೇಳಿದಳು." ಅವಳಿಗೂ ನಗು ಬಂತು. ನಗು ನಿಂತ ಮೇಲೆ ಕೈಯಲ್ಲಿದ್ದ ಚಮಚವನ್ನು ತಟ್ಟೆಯ ಪಕ್ಕದಲ್ಲಿಟ್ಟಳು. "ಈಗ ಕೇಳು. ಇವನ ಕಡೆ ನೋಡಬೇಡ. ಊಟ ಮಾಡುತ್ತಾ ಕೇಳು."

ಅವಳು ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ. ಅಪ್ಪನಿಗೆ ಹೊಟ್ಟೆನೋವು ಬಂದು ಆಪರೇಷನ್ ಆದಾಗ ಅಮ್ಮ ಆ ವಾರ್ಡಿನಲ್ಲಿದ್ದಳು. ಆಮೇಲೆ ಎರಡು ವರ್ಷ ಅವರಿಬ್ಬರೂ ಭೇಟಿಯಾಗುತ್ತಿದ್ದರು. ಮನೆಯಲ್ಲಿ ಗೊತ್ತಾದದ್ದು ಅಮ್ಮ ಬಸುರಿಯಾದ ಮೇಲೆ. ಅಪ್ಪ ಅವಳನ್ನು ಹಡಗು ಹತ್ತಿಸಿ, ಮನೆಯವರನ್ನು ಒಪ್ಪಿಸಿ ಹಿಂದೆಯೇ ಬರುತ್ತೇನೆ ಎಂದು ಹೇಳಿ ಕಳಿಸಿದ. ಅವನ ತಾಯಿ ಒಪ್ಪಲಿಲ್ಲ. ಊರಿನಲ್ಲಿ ಉಳಿದದ್ದೇ ಕೆಲವು ಮನೆಗಳು. ಇವನೂ ಹೋದರೆ ಪ್ರಾರ್ಥನೆಗೆ ಹತ್ತು ಗಂಡಸರು ಸೇರುವುದಿಲ್ಲ ಎಂದು ಹಠ ಹಿಡಿದಳಂತೆ. ಅಮ್ಮನ ಪತ್ರಗಳು ಅಂಗಡಿಗೆ ಬಂದಾಗ ತಾಯಿಯೇ ತೆಗೆದುಕೊಳ್ಳುತ್ತಿದ್ದಳು. ಮನೆಯಲ್ಲಿ ಚೆನ್ನಾಗಿ ಇಂಗ್ಲಿಷ್ ಬರುತ್ತಿದ್ದದ್ದು ಹತ್ತೊಂಬತ್ತರ ನಜೀಮಾಗೆ. ತಾಯಿ ಹೇಳಿದಂತೆ ಅವಳು ಶಿರ್ವಕ್ಕೆ ಬರೆದಳು: ಅಣ್ಣ ಕಾರಿನ ಅಪಘಾತದಲ್ಲಿ ತೀರಿಕೊಂಡ. ಅಣ್ಣನಿಗೆ ಹೇಳಿದಳು: ಇಂಡಿಯಾದಿಂದ ತಂತಿ ಬಂದಿದೆ, ಹೆರಿಗೆಯಲ್ಲಿ ತಾಯಿ ಮಗು ಇಬ್ಬರೂ ಉಳಿಯಲಿಲ್ಲ.

"ಸಬ್ ಕೋ ಮೈಂ ಮಾರಾ" ಎಂದಳು. ಎಲ್ಲರನ್ನೂ ನಾನೇ ಕೊಂದೆ.

"ಅವರು ನಂಬಿದರಾ?"

"ಮೂರು ದಿನ ಬಾಗಿಲು ತೆಗೆಯಲಿಲ್ಲ. ಆಮೇಲೆ ಅಂಗಡಿಗೆ ಹೋದ. ಸಾಯುವವರೆಗೂ ಅಂಗಡಿಗೆ ಹೋದ. ಮದುವೆಯಾಗಲಿಲ್ಲ."

"ಯಾವಾಗ ಸತ್ತರು?"

ಅವಳು ಹೇಳಿದಳು. ನಾನು ಲೆಕ್ಕ ಹಾಕಿದೆ. ಆಗ ನನಗೆ ನಲವತ್ತೈದು ದಾಟಿತ್ತು. ಅಮ್ಮ ಗಟ್ಟಿಮುಟ್ಟಾಗಿದ್ದಳು, ಹಟ್ಟಿಯಲ್ಲಿ ದನ ಕರೆಯುತ್ತಿದ್ದಳು. ವಿಲ್ಫಿ ಇದೇ ಊರಿನಲ್ಲಿ ಕಾರು ರಿಪೇರಿ ಮಾಡುತ್ತಿದ್ದ. ಅಪ್ಪ ಇಲ್ಲಿ ಈ ಬೀದಿಗಳಲ್ಲಿ ನಡೆದಾಡುತ್ತಿದ್ದ.

"ಆಸ್ಪತ್ರೆಯಲ್ಲಿ ಹೇಳಬೇಕು ಅಂತ ಹೋದೆ" ಎಂದಳು. "ನಿನ್ನ ಮಗಳು ಇದ್ದಾಳೆ ಅಂತ. ಲಿಲ್ಲಿಯ ಕೊನೆಯ ಪತ್ರದಲ್ಲಿ ಹೆಣ್ಣು ಮಗು ಅಂತ ಬರೆದಿತ್ತು. ನನಗೆ ಗೊತ್ತಿತ್ತು. ಅವನು ನನ್ನ ಕೈ ಹಿಡಿದು, ನೀನೊಬ್ಬಳೇ ನನ್ನನ್ನು ನೋಡಿಕೊಂಡದ್ದು ಅಂದ. ಆಮೇಲೆ ಹೇಗೆ ಹೇಳುವುದು? ಹೇಳಲಿಲ್ಲ."

ನಾನು ತಟ್ಟೆ ಬಿಟ್ಟು ಎದ್ದೆ. ಬಾಗಿಲು ತೆರೆದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತೆ. ನನ್ನ ನಾಲ್ಕು ಪುಟಗಳಲ್ಲಿ ನಾನು ಅಮ್ಮನ ಬಗ್ಗೆ ಬರೆದದ್ದು ಕಣ್ಣ ಮುಂದೆ ಬಂತು. ಮಾನಕ್ಕೆ ಅಂಜಿ ಒಂದು ಅಪಘಾತವನ್ನು ಕಟ್ಟಿದವಳು, ಸುಳ್ಳನ್ನು ಕೊನೆಯವರೆಗೂ ಬಿಡದವಳು ಎಂದು ಬರೆದಿದ್ದೆ. ಅವಳು ತನಗೆ ಬಂದ ಸುದ್ದಿಯನ್ನೇ ನನಗೆ ಹೇಳಿದ್ದಳು. ಪ್ರತಿ ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಅವಳು ಒಂದು ಮೇಣದಬತ್ತಿ ಹೆಚ್ಚು ಹಚ್ಚುತ್ತಿದ್ದಳು. ಬದುಕಿದ್ದ ಗಂಡಸಿಗೆ ಅಷ್ಟೂ ವರ್ಷ ಮೇಣ ಉರಿಸಿದಳು.

ಯೂಸುಫ್ ಹೊರಗೆ ಬಂದು ನನಗಿಂತ ಕೆಳಗಿನ ಮೆಟ್ಟಿಲಲ್ಲಿ ಕುಳಿತ. "ಅಮ್ಮ ಅಳುತ್ತಿದ್ದಾರೆ. ಏನು ಹೇಳಿದರು ನಿಮಗೆ?"

ಹೇಳಿಬಿಡಬಹುದಿತ್ತು. ಅವನ ಮುಖದಲ್ಲಿ ನಿಜವಾದ ಗಾಬರಿಯಿತ್ತು. ಆ ಗಾಬರಿಯ ಹಿಂದೆ ತಾಯಿಯ ಮೇಲಿನ ಪ್ರೀತಿಯಿತ್ತು. ಅದನ್ನು ಒಡೆಯುವ ಮನಸ್ಸು ನನಗೆ ಬರಲಿಲ್ಲ. ಒಡೆದರೆ ನನಗೇನು ಸಿಗುತ್ತಿತ್ತು? "ನನ್ನ ಅಮ್ಮನ ವಿಷಯ. ಅವರಿಗೆ ಅಮ್ಮನ ಪರಿಚಯವಿತ್ತು" ಎಂದೆ.

"ಅಷ್ಟೇನಾ?"

"ಅಷ್ಟೇ."

ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. "ನೀವು ಬರೆಯುತ್ತೀರಂತೆ. ವಿಲ್ಫ್ರೆಡ್ ಬಾಯಿ ತಪ್ಪಿ ಹೇಳಿದ" ಎಂದ. "ಇಲ್ಲಿ ನಮಗೆ ಯಾರೂ ಏನೂ ಮಾಡಿಲ್ಲ. ನೆರೆಯವರು ಈಗ ನೋಡಿದಿರಲ್ಲ, ಬಟ್ಟಲು ತಂದುಕೊಡುತ್ತಾರೆ. ಆದರೆ ಟಿವಿಯಲ್ಲಿ ಯುದ್ಧ ಬಂದಾಗಲೆಲ್ಲ ನಾವು ಸ್ವಲ್ಪ ಮೆಲ್ಲಗೆ ಮಾತಾಡುತ್ತೇವೆ. ನನಗೆ ಮಕ್ಕಳಿದ್ದಾರೆ. ನಮ್ಮ ಹೆಸರು ಬೇಡ. ಮಾವನ ಹೆಸರೂ ಬೇಡ."

ಮಾತು ಕೊಟ್ಟೆ. ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡೆ, ಅತ್ತೆಯ ಮುಖ ನೋಡದೆ ಹೊರಟುಬಂದೆ.

ಭಾನುವಾರ ಬೆಳಿಗ್ಗೆ ಅವನೇ ಸ್ಮಶಾನಕ್ಕೆ ಕರೆದೊಯ್ದ. ಬೀಗದ ಕೈ ಅವನ ಬಳಿ ಇತ್ತು. ರಸ್ತೆಯ ಬದಿಗೆ ಎತ್ತರದ ಗೋಡೆ, ಸಣ್ಣ ಬಾಗಿಲು. ಹೊರಗಿನಿಂದ ಯಾವುದೋ ಗೋದಾಮಿನ ಹಿತ್ತಿಲು ಎಂದುಕೊಳ್ಳಬೇಕು. ಒಳಗೆ ಮರಳು ನೆಲ. ಹಳೆಯ ಗೋರಿಗಳು ನೆಲಕ್ಕೆ ಸಮವಾಗಿವೆ, ಹೊಸವು ಕೆಲವೇ. ಮರ ಒಂದೂ ಇಲ್ಲ. ಗೋಡೆಯಾಚೆ ಬಸ್ಸಿನ ಹಾರ್ನ್, ಮೇಲಿನ ಫ್ಲಾಟುಗಳಲ್ಲಿ ಎ.ಸಿ. ಯಂತ್ರಗಳ ಸದ್ದು.

ಅಪ್ಪನ ಕಲ್ಲು ಕೊನೆಯ ಸಾಲಿನಲ್ಲಿ. ಬೂದು ಬಣ್ಣದ್ದು, ಮೊಣಕಾಲಿನೆತ್ತರ. ಓದಿ ಹೇಳು ಎಂದೆ. ಯೂಸುಫ್ ಬಗ್ಗಿ ಧೂಳು ಒರೆಸಿ ಓದಿದ: ಇಂಥವನು, ಇಂಥವನ ಮಗ. ಅಷ್ಟೇ ಇತ್ತು. ಮಕ್ಕಳಿದ್ದರೆ ಪ್ರೀತಿಯ ತಂದೆ ಎಂದು ಕೆತ್ತಿಸುತ್ತಾರೆ ಎಂದು ಪಕ್ಕದ ಕಲ್ಲನ್ನು ತೋರಿಸಿದವನು, ಹೇಳಿದ ಮೇಲೆ ಮುಖ ತಗ್ಗಿಸಿದ.

"ಸಂಸ್ಕಾರದ ದಿನ ಹತ್ತು ಗಂಡಸರು ಬೇಕು" ಎಂದ. "ಏಳೇ ಜನ ಇದ್ದೆವು. ಅಂಗಡಿಯ ಪಕ್ಕದ ಮುಸಲ್ಮಾನರು, ನಿಮ್ಮ ದೇಶದ ಇಬ್ಬರು ಸಿಂಧಿಗಳು ಬಂದು ಗೋಡೆಯ ಹತ್ತಿರ ನಿಂತಿದ್ದರು. ಆದರೆ ಲೆಕ್ಕಕ್ಕೆ ನಾವು ಏಳು. ಸತ್ತವರಿಗಾಗಿ ಹೇಳುವ ಆ ಪ್ರಾರ್ಥನೆ ಆಗಲಿಲ್ಲ."

ಅವನು ತಮ್ಮ ಪದ್ಧತಿಯಂತೆ ಒಂದು ಸಣ್ಣ ಕಲ್ಲು ಹೆಕ್ಕಿ ಗೋರಿಯ ಮೇಲಿಟ್ಟು, ನನ್ನನ್ನು ಒಂಟಿಯಾಗಿ ಬಿಟ್ಟು ಬಾಗಿಲ ಹತ್ತಿರ ಹೋಗಿ ನಿಂತ. ನಾನೂ ಒಂದು ಕಲ್ಲು ಇಟ್ಟೆ. ಏನಾದರೂ ಹೇಳಬೇಕು ಅನಿಸಿತು. ನನಗೆ ಬರುವುದು ನಮ್ಮ ಪ್ರಾರ್ಥನೆಗಳು ಮಾತ್ರ. "ಸರ್ಗಿಂಚ್ಯಾ ಆಮ್ಚ್ಯಾ ಬಾಪಾ" ಎಂದು ಶುರುಮಾಡಿದೆ. ಪರಲೋಕದಲ್ಲಿರುವ ನಮ್ಮ ಅಪ್ಪಾ ಎಂದು ಅದರ ಅರ್ಥ. ಹುಟ್ಟಿದಾಗಿನಿಂದ ದಿನಕ್ಕೆ ಹತ್ತಾರು ಸಲ ಹೇಳಿದ ಸಾಲು. ಬಾಪಾ ಎಂಬಲ್ಲಿಗೆ ಬಂದೆ. ಮುಂದಿನದು ಇಲ್ಲಿ ಹೇಳುವಂಥದ್ದೋ ಅಲ್ಲವೋ ತಿಳಿಯದೆ ಅಲ್ಲಿಗೇ ನಿಲ್ಲಿಸಿದೆ. ಮೊಬೈಲು ಚೀಲದಲ್ಲಿತ್ತು. ಹೊರಗೆ ತೆಗೆಯಲಿಲ್ಲ.

ಸೋಮವಾರ ಧೂಳು ಸ್ವಲ್ಪ ಇಳಿದು ಸೂರ್ಯ ಬಿಳಿ ತಟ್ಟೆಯ ಹಾಗೆ ಕಂಡಿತು. ಮರುದಿನ ನನ್ನ ವಿಮಾನ. ಅತ್ತೆಯ ಮನೆಗೆ ಇನ್ನು ಹೋಗುವುದಿಲ್ಲ ಎಂದು ವಿಲ್ಫಿಗೆ ಹೇಳಿದ್ದೆ. ಮಧ್ಯಾಹ್ನದ ಹೊತ್ತಿಗೆ ಹೋಗದೆ ಇರಲು ಆಗಲಿಲ್ಲ. ಅವಳಲ್ಲದೆ ಅಪ್ಪನ ಬಗ್ಗೆ ನನಗೆ ಹೇಳುವವರು ಭೂಮಿಯ ಮೇಲೆ ಇನ್ಯಾರಿದ್ದಾರೆ? ಹೂರಾದಿಂದ ನಡೆದೇ ಹೋದೆ.

ಯೂಸುಫ್ ಕೆಲಸಕ್ಕೆ ಹೋಗಿದ್ದ. ಬಾಗಿಲು ತೆರೆದವಳು ಪಕ್ಕದ ಮನೆಯ ಹೆಂಗಸು. ನರ್ಸ್ ಬಂದಳು ಎಂದಿರಬೇಕು, ಒಳಗೆ ಕೂಗಿ ಹೇಳಿ, ಜವಾಬ್ದಾರಿ ನನಗೊಪ್ಪಿಸಿ ಹೋದಳು. ಅತ್ತೆ ಹಾಸಿಗೆಯಲ್ಲಿದ್ದಳು. ಎರಡು ದಿನದಲ್ಲಿ ಕುಗ್ಗಿಹೋಗಿದ್ದಳು.

"ಬೈಯಲು ಬಂದೆಯಾ?"

"ಇಲ್ಲ. ಅವರು ಹೇಗಿದ್ದರು, ಹೇಳಿ."

ಅವಳು ಬಹಳ ಹೊತ್ತು ಹೇಳಿದಳು. ಅಪ್ಪ ಬೇಗ ಬೇಗ ನಡೆಯುತ್ತಿದ್ದ. ಚಹಾಕ್ಕೆ ಸಕ್ಕರೆ ಹಾಕದೆ, ಸಕ್ಕರೆಯ ತುಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕುಡಿಯುತ್ತಿದ್ದ. ಅಂಗಡಿಗೆ ಬಂದ ಇಂಡಿಯಾದ ನರ್ಸುಗಳಿಗೆ ಬಟ್ಟೆ ಅಳೆಯುವಾಗ ಒಂದು ಗೇಣು ಹೆಚ್ಚೇ ಕೊಡುತ್ತಿದ್ದ. ಹಾಡಲು ಬರುತ್ತಿರಲಿಲ್ಲ, ಆದರೂ ಹಾಡುತ್ತಿದ್ದ. ಹೇಳುತ್ತಾ ಹೇಳುತ್ತಾ ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. ಅವಳನ್ನು ಕ್ಷಮಿಸಿದೆ ಎಂದು ನಾನು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಔಷಧಿಯ ಹೊತ್ತಾದಾಗ ನೀರು ತಂದು ಮಾತ್ರೆ ಕೊಟ್ಟೆ.

"ನಿನ್ನ ಪುಸ್ತಕ" ಎಂದಳು ಕೊನೆಗೆ. "ಇವನು ಬರೆಯಬಾರದು ಅಂತಾನೆ. ನಾನು ಬರಿ ಅನ್ನುತ್ತೇನೆ. ಹೆಸರು ಬಿಡು, ಆದರೆ ನಾನು ಮಾಡಿದ್ದನ್ನು ಬರಿ. ನಾನು ಹೋದ ಮೇಲೆ. ನಾನು ಇರುವಾಗ ನನ್ನ ಮಗ ನನ್ನನ್ನು ಬೇರೆ ಕಣ್ಣಿನಿಂದ ನೋಡುವುದು ಬೇಡ."

"ನೀವು ಹೋದದ್ದು ನನಗೆ ಹೇಗೆ ಗೊತ್ತಾಗಬೇಕು?"

"ಶುಕ್ರವಾರ ಫೋನ್ ಮಾಡು. ನಾನೇ ಎತ್ತಿದರೆ ಬರೆಯಬೇಡ."

ಮಂಗಳವಾರ ವಿಮಾನ ಮೇಲೇರುವಾಗ ಕಿಟಕಿಯಿಂದ ಕೆಳಗೆ ನೋಡಿದೆ. ತಿಳಿನೀರು, ಬಿಳಿ ಕಟ್ಟಡಗಳು, ಸೇತುವೆ. ಗೋಡೆ ಕಟ್ಟಿದ ಒಂದು ಮರಳಿನ ತುಂಡಿಗಾಗಿ ಹುಡುಕಿದೆ. ಆ ಎತ್ತರದಿಂದ ಅರ್ಧ ಊರೇ ಹಾಗೆ ಕಾಣುತ್ತಿತ್ತು. ಹುಡುಕುತ್ತಿರುವಾಗಲೇ ದ್ವೀಪ ಮುಗಿದು ಸಮುದ್ರ ಬಂತು.

ಊರಿಗೆ ಬಂದು ಪ್ರಕಾಶಕರಿಗೆ ಪುಸ್ತಕ ಬೇಡ ಎಂದೆ. ಅವರು ಇನ್ನೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ. ಪ್ರತಿ ಶುಕ್ರವಾರ ಸಂಜೆ ಮನಾಮಾಕ್ಕೆ ಫೋನ್ ಮಾಡುತ್ತಿದ್ದೆ. ಅತ್ತೆ ಎತ್ತಿ, ನಾನು ಏನಾದರೂ ಹೇಳುವ ಮೊದಲೇ "ಅಭೀ ನಹೀಂ" ಎನ್ನುತ್ತಿದ್ದಳು. ಈಗ ಬೇಡ. ಆಮೇಲೆ ಅಪ್ಪನ ಬಗ್ಗೆ ಏನಾದರೊಂದು ಸಣ್ಣ ವಿಷಯ ಹೇಳುತ್ತಿದ್ದಳು. ಮಳೆಗಾಲ ಕಳೆಯಿತು, ಕ್ರಿಸ್ಮಸ್ ಕಳೆಯಿತು. ಅವಳ ದನಿ ತೆಳ್ಳಗಾಗುತ್ತಾ ಬಂತು.

ಜನವರಿಯ ಒಂದು ಶುಕ್ರವಾರ ಫೋನ್ ಎತ್ತಿದ್ದು ಯೂಸುಫ್. "ಬುಧವಾರ ಹೋದರು. ನಿದ್ರೆಯಲ್ಲಿ" ಎಂದ. ಸಂಸ್ಕಾರ ಆಯಿತು ಎಂದ. ಎಷ್ಟು ಜನ ಇದ್ದರೆಂದು ನಾನು ಕೇಳಲಿಲ್ಲ. ನಾನು ಫೋನ್ ಇಡಬೇಕು ಅನ್ನುವಾಗ, ಅವನು ತಡೆದು, "ಅಮ್ಮ ನನಗೆ ಎರಡು ಶಬ್ದ ಬಾಯಿಪಾಠ ಮಾಡಿಸಿದ್ದರು. ನಿಮ್ಮ ಫೋನ್ ಬಂದಾಗ ಹೇಳಬೇಕಂತೆ" ಎಂದ. ಪರಕೀಯ ಶಬ್ದಗಳನ್ನು ಹೇಳುವವನ ಎಚ್ಚರದಲ್ಲಿ ಹೇಳಿದ: "ಅಬ್ ಲಿಖೋ."

"ಹಾಗೆಂದರೆ ಏನು?" ಎಂದು ಕೇಳಿದ.

"ಈಗ ಬರಿ ಅಂತ."

"ಏನನ್ನು ಬರೆಯಲು?"

ಅಂಗಳದಲ್ಲಿ ಕತ್ತಲಾಗುತ್ತಿತ್ತು. ನಾನು ಕುರ್ಚಿ ಎಳೆದುಕೊಂಡು ಕುಳಿತು, ಅವನಿಗೆ ಸ್ವಲ್ಪ ಸಮಯವಿದೆಯೇ ಎಂದು ಕೇಳಿದೆ. ಇದೆ ಎಂದ. ಬಂದರಿನಿಂದ ಹೊರಟ ಹಡಗಿನಿಂದ ಶುರುಮಾಡಿದೆ.